ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್: ಕಷ್ಟದ ವಿಷಯಕ್ಕೊಂದು ಒಳ್ಳೆಯ ಆಸರೆ

ಮೊದಲ ವರ್ಷದ ಕಲನಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಸಾಲುಸಾಲಾಗಿ ಫೇಲಾಗುವ ತರಗತಿಗಳಿಗೆ ನಾವು ಮೊದಲು ಸೂಚಿಸುವುದು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್, ಚಿಕ್ಕದಾಗಿ ಎಸ್‌ಐ. 1973ರಲ್ಲಿ ಅಮೆರಿಕದ ಮಿಸೌರಿ–ಕಾನ್ಸಾಸ್ ಸಿಟಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ರೂಪಿಸಿದ ಪದ್ಧತಿಯಿದು: ಲೆಕ್ಚರ್‌ಗಳ ಜೊತೆಗೆ, ಹಿರಿಯ ವಿದ್ಯಾರ್ಥಿಯೊಬ್ಬರು ನಡೆಸುವ ಗುಂಪು ಕಲಿಕೆಯ ಸೆಷನ್‌ಗಳು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದರದೇ ರೂಪ ‘ಪಾಸ್’ (ಪೀರ್ ಅಸಿಸ್ಟೆಡ್ ಸ್ಟಡಿ ಸೆಷನ್ಸ್) ಎಂಬ ಹೆಸರಲ್ಲಿದೆ.

ಇಲ್ಲಿ ದಡ್ಡರು ಯಾರೆಂದು ಹುಡುಕುವುದಿಲ್ಲ, ಕಷ್ಟದ ವಿಷಯ ಯಾವುದೆಂದು ಹುಡುಕುತ್ತಾರೆ. ನೂರಕ್ಕೆ 30ಕ್ಕೂ ಹೆಚ್ಚು ಜನ ಕೆಳಗಿನ ಗ್ರೇಡ್ ಪಡೆಯುವ, ಫೇಲಾಗುವ ಅಥವಾ ನಡುವೆಯೇ ಬಿಡುವ ವಿಷಯವಾದರೆ ಆ ತರಗತಿಯ ಎಲ್ಲರಿಗೂ ಸೆಷನ್ ತೆರೆದಿರುತ್ತದೆ. ಬರಲೇಬೇಕೆಂಬ ಒತ್ತಾಯವಿಲ್ಲ. ಯಾರು ಬಂದರೆಂಬ ಪಟ್ಟಿ, ಗ್ರೇಡ್ ಹಾಕಿ ಮುಗಿಯುವವರೆಗೆ ಪ್ರಾಧ್ಯಾಪಕರ ಕೈಗೆ ಹೋಗಬಾರದು. ಹಾಗಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಯಾರೂ ಅಂಜಬೇಕಿಲ್ಲ.

ಸೆಷನ್ ನಡೆಸುವ ‘ಲೀಡರ್’ ಅದೇ ವಿಷಯದಲ್ಲಿ ಚೆನ್ನಾಗಿ ಪಾಸಾದ ಹಿರಿಯ ವಿದ್ಯಾರ್ಥಿ. ಅವರು ಎಲ್ಲ ಲೆಕ್ಚರ್‌ಗಳಿಗೂ ಮತ್ತೆ ಕೂತು ನೋಟ್ಸ್ ಬರೆಯಬೇಕು. ವಾರಕ್ಕೆ ಎರಡು ಮೂರು ಸೆಷನ್, ಅವುಗಳ ತಯಾರಿ ಎಲ್ಲ ಸೇರಿ ಒಬ್ಬರಿಗೆ ಸುಮಾರು 10 ಗಂಟೆಯ ಕೆಲಸ. ಸಂಬಳವನ್ನು ಈ ಲೆಕ್ಕದಲ್ಲೇ ಕೊಡಿ. ಸೆಷನ್‌ನ ಗಂಟೆಗಳಿಗೆ ಮಾತ್ರ ಕೊಟ್ಟರೆ ತಯಾರಿಯೇ ಮೊದಲು ಸೊರಗುತ್ತದೆ.

ನಮಗೆ ಬಹಳ ಹಿಡಿಸಿದ್ದು ಇದರ ಬೋರ್ಡ್ ವಿಧಾನ. ಬೋರ್ಡನ್ನು ನಾಲ್ಕು ಕಂಬಸಾಲು ಮಾಡಿ: ಮೊದಲನೆಯದರಲ್ಲಿ ಬೇಕಾಗುವ ಸೂತ್ರಗಳು, ಎರಡನೆಯದರಲ್ಲಿ ಲೆಕ್ಕದ ಹಂತಗಳು, ಮೂರನೆಯದರಲ್ಲಿ ಪ್ರತಿ ಹಂತದ ಕಾರಣ ಮಾತಿನಲ್ಲಿ, ನಾಲ್ಕನೆಯದರಲ್ಲಿ ಅಂಥದ್ದೇ ಇನ್ನೊಂದು ಲೆಕ್ಕ. ಬರೆಯುವ ಚಾಕ್ ವಿದ್ಯಾರ್ಥಿಗಳ ಕೈಯಲ್ಲಿರಬೇಕು. ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಯ ಲೆಕ್ಕ ತೆಗೆದುಕೊಳ್ಳಿ. ಲಂಬ ಬಲ (ಇಳಿಜಾರಿನ ಮೇಲ್ಮೈ ತನಗೆ ಲಂಬವಾಗಿ ಪೆಟ್ಟಿಗೆಯನ್ನು ಒತ್ತುವ ಬಲ) ಎಂದರೆ ಪೆಟ್ಟಿಗೆಯ ಪೂರ್ತಿ ತೂಕ ಎಂದು ಅನೇಕರು ಎರಡನೇ ಕಂಬಸಾಲಿನಲ್ಲಿ ಬರೆದುಬಿಡುತ್ತಾರೆ. ಮೂರನೆಯದರಲ್ಲಿ ‘ಯಾಕೆ?’ ಎಂದು ಬರೆಯಲು ಹೋದಾಗ ಕೈ ತಡೆಯುತ್ತದೆ. ತೂಕವನ್ನು ಇಳಿಜಾರಿನ ಕೋನದ ಕೊಸೈನ್‌ನಿಂದ ಗುಣಿಸಬೇಕಿತ್ತು ಎಂದು ಆಗ ಅವರಿಗೇ ಹೊಳೆಯುತ್ತದೆ. ಲೀಡರ್ ಬಾಯಿಬಿಡಬೇಕಾಗಿಯೇ ಇಲ್ಲ.

ಆದರೆ ಬಾಯಿಬಿಡದೆ ಇರುವುದೇ ಕಷ್ಟ. ಪ್ರಶ್ನೆ ಕೇಳಿ ಮೂರ್ನಾಲ್ಕು ಸೆಕೆಂಡಾದರೂ ಕಾಯಬೇಕು. ಆ ಮೌನ ತಡೆಯಲಾರದೆ ಲೀಡರ್ ತಾನೇ ಉತ್ತರ ಹೇಳಿದರೆ ಸೆಷನ್ ಎರಡೇ ವಾರದಲ್ಲಿ ಇನ್ನೊಂದು ಲೆಕ್ಚರ್ ಆಗುತ್ತದೆ. ಆರಂಭದ ತರಬೇತಿಯೊಂದರಿಂದಲೇ ಇದು ಸರಿಹೋಗದು. ಮೇಲ್ವಿಚಾರಕರು ಮೊದಲ ವಾರಗಳಲ್ಲಿ ಹಿಂದಿನ ಬೆಂಚಲ್ಲಿ ಕೂತು ನೋಡಿ, ಮುಗಿದ ಕೂಡಲೇ ಲೀಡರ್ ಜೊತೆ ಮಾತಾಡಬೇಕು. ಅಂಥ ಒಬ್ಬರನ್ನು ನೇಮಿಸಲಾಗದ ಕಡೆ ಎಸ್‌ಐ ಬೇಡವೆಂದೇ ಹೇಳುತ್ತೇವೆ.

ಪ್ರಾಧ್ಯಾಪಕರ ಒಂದು ಮಾತಿನಿಂದಲೂ ಕೆಲಸ ಕೆಡಬಹುದು. ‘ಕಡಿಮೆ ಅಂಕ ಬಂದವರು ಎಸ್‌ಐಗೆ ಹೋಗಿ’ ಎಂದರೆ ಮರುದಿನದಿಂದ ಅದು ದಡ್ಡರ ಕೋಣೆ. ಮೊದಲ ಪರೀಕ್ಷೆ ಮುಗಿದ ಮೇಲೆ ಶುರು ಮಾಡಿದರೂ ಅದೇ ಗತಿ. ಮೊದಲ ವಾರವೇ ಸಮಯ ಕೇಳಿ ನಿಗದಿ ಮಾಡಿ, ಎರಡನೇ ವಾರದಿಂದ ನಡೆಸಿ.

ಫಲಿತಾಂಶ ಅಳೆಯುವಾಗ ಬಂದವರ, ಬಾರದವರ ಅಂಕಗಳನ್ನಷ್ಟೇ ಹೋಲಿಸಿದರೆ ಸಾಲದು. ಉತ್ಸಾಹಿಗಳೇ ಹೆಚ್ಚು ಬರುವುದರಿಂದ ಆ ಅಂತರ ಉಬ್ಬಿಕೊಂಡಿರುತ್ತದೆ. ಪ್ರವೇಶದ ಅಂಕಗಳು ಒಂದೇ ಮಟ್ಟದಲ್ಲಿರುವವರನ್ನು ಜೋಡಿಸಿ ನೋಡಿ, ಜೊತೆಗೆ ಇಡೀ ತರಗತಿಯ ಫೇಲ್ ಪ್ರಮಾಣವನ್ನು ಹಿಂದಿನ ಮೂರು ವರ್ಷದ್ದರ ಪಕ್ಕ ಇಡಿ.