ದಿನಾ ಹಾಕುವ ಮದುವೆ ಉಂಗುರ: ಚಿನ್ನ, ಬೆಳ್ಳಿ, ಸ್ಟೀಲ್, ಟೈಟಾನಿಯಂ, ಕಾರ್ಬೈಡ್ ಹಾಕಿ ನೋಡಿದ್ದು

ನಮ್ಮ ಕಡೆ ಗಂಡಸಿನ ಮದುವೆ ಉಂಗುರಕ್ಕೆ ಅಂಥಾ ದೊಡ್ಡ ಸ್ಥಾನ ಏನಿಲ್ಲ. ತಾಳಿ, ಕಾಲುಂಗುರ ಇವೇ ಮುಖ್ಯ. ನಿಶ್ಚಿತಾರ್ಥದಲ್ಲಿ ಹಾಕಿಸಿಕೊಂಡ ಉಂಗುರ ಎಷ್ಟೋ ಮನೆಗಳಲ್ಲಿ ಸೀದಾ ಬೀರು ಸೇರುತ್ತದೆ, ಮತ್ತೆ ಹೊರಗೆ ಬರೋದು ಯಾರದ್ದಾದರೂ ಮದುವೆಗೇ. ನನಗೆ ಮಾತ್ರ ಅದನ್ನು ದಿನಾ ಹಾಕಿಕೊಳ್ಳುವ ಆಸೆ. ತೊಂದರೆ ಏನಪ್ಪಾ ಅಂದ್ರೆ, ನಂದು ಸುಮ್ನೆ ಇರುವ ಕೈ ಅಲ್ಲ. ವಾರವಿಡೀ ಶಿವಮೊಗ್ಗದಲ್ಲಿ ಲೇತ್ ಕೆಲಸ, ಅಂದರೆ ಲೋಹ ತಿರುಗಿಸಿ ಕಡೆಯುವ ಯಂತ್ರದ್ದು. ರಜೆ ಸಿಕ್ಕರೆ ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟ. ಅಲ್ಲಿ ಔಷಧಿ ಕಲಸೋದು, ಅಡಿಕೆ ಕೊನೆ (ಗೊನೆ) ಹೊರೋದು, ಅಡಿಕೆ ಬೇಯಿಸಿದ ಹಂಡೆ ಇಳಿಸೋದು ಎಲ್ಲಾ ಇದ್ದೇ ಇದೆ.

ಹಾಗಾಗಿ ಒಂದೊಂದೇ ಲೋಹದ ಉಂಗುರ ಹಾಕಿ ನೋಡಿದೆ. ಪ್ಲಾಟಿನಂ ಒಂದು ಬಿಟ್ಟು ಉಳಿದವೆಲ್ಲ ನನ್ನ ಬೆರಳಲ್ಲೇ ಸವೆದವು. ಪ್ಲಾಟಿನಂ ಭಾವನದ್ದು, ಅದನ್ನು ಹಾಕಿ ನೋಡಲು ಕೊಟ್ಟಿದ್ದೇ ದೊಡ್ಡದು. ಇನ್ನೊಂದು ಮಾತು: ಲೇತ್ ಮುಂದೆ ನಿಂತಾಗ ಯಾವ ಉಂಗುರವೂ ಬೇಡ. ಕೆಲಸದ ತುಂಡು ಹಿಡಿದು ತಿರುಗುವ ಚಕ್‌ಗೆ ಸಿಕ್ಕಿದರೆ ಉಂಗುರ ಮಾತ್ರ ಹೋಗಲ್ಲ, ಬೆರಳೂ ಹೋಗುತ್ತದೆ. ಅಲ್ಲಿ ಎಲ್ಲವೂ ಕಳಚಿ ಜೇಬಿಗೆ.

22 ಕ್ಯಾರೆಟ್‌ನಿಂದ ಶುರು ಮಾಡೋಣ. ಅತ್ತೆ ಮನೆಯವರು ಹಾಕಿಸಿದ್ದು ಅದೇ. 916 ಅಂತ ಮುದ್ರೆ ಇರುವ ಚಿನ್ನ, ಅಂದರೆ ನೂರಕ್ಕೆ 91.6 ಪಾಲು ಅಪ್ಪಟ. ಬಣ್ಣಕ್ಕೆ ಸಾಟಿ ಇಲ್ಲ, ಮಾರಿದರೆ ಬೆಲೆ ಇದೆ, ಕೆರೆತ ಇಲ್ಲ, ಕಪ್ಪಾಗಲ್ಲ. ಆದರೆ ಮೆತ್ತಗೆ. ಹಂಡೆಯ ಕಿವಿ ಹಿಡಿದು ಎತ್ತುವಾಗ ಭಾರವೆಲ್ಲ ಉಂಗುರದ ಕೆಳಭಾಗಕ್ಕೇ ಬೀಳುತ್ತದೆ. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ನನ್ನದು ಮೊಟ್ಟೆ ಆಕಾರಕ್ಕೆ ಬಂದಿತ್ತು. ಮೇಜಿನ ಮೇಲೆ ಮಲಗಿಸಿ ನೋಡಿದರೆ ಒಂದು ಕಡೆ ಉಗುರು ತೂರುವಷ್ಟು ಸಂದಿ. ಊರಿನ ಅಕ್ಕಸಾಲಿ ಆಚಾರ್ರ ಹತ್ತಿರ ಒಯ್ದರೆ ದುಂಡನೆಯ ಕಬ್ಬಿಣದ ಸಲಾಕೆಗೆ ಸಿಕ್ಕಿಸಿ, ಮರದ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಹಾಕಿ ಸರಿ ಮಾಡಿಕೊಟ್ಟರು. ದುಡ್ಡೂ ತಗೊಳ್ಳಲಿಲ್ಲ. ಈ ನಾಲ್ಕು ಪೆಟ್ಟಿನ ಬೆಲೆ ಏನು ಅಂತ ಗೊತ್ತಾಗಿದ್ದು ಬೇರೆ ಲೋಹ ಹಾಕಿದ ಮೇಲೆ.

ಬೆಳ್ಳಿ ಅಗ್ಗ, ನೋಡಲು ಚಂದ. ಆದರೆ ಅದಕ್ಕೆ ಗಂಧಕ ಕಂಡರೆ ಆಗಲ್ಲ. ಮೊಟ್ಟೆ, ಈರುಳ್ಳಿ ಬಿಡಿ, ತೋಟದ ಔಷಧಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸುವಾಗ ಹಾಕುವ ರಬ್ಬರ್ ಕೈಗವಸು ಇದೆಯಲ್ಲ, ಆ ರಬ್ಬರಿನಲ್ಲೇ ಗಂಧಕ ಇರುತ್ತದೆ. ಮಧ್ಯಾಹ್ನ ಗವಸು ತೆಗೆದರೆ ಉಂಗುರಕ್ಕೆ ಹೊಗೆ ಹಿಡಿದ ಬಣ್ಣ. ಹಲ್ಲು ಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ, ನಿಜ. ಆದರೆ ಮುಂಗಾರಿಡೀ ಉಜ್ಜುತ್ತಾ ಕೂರೋರು ಯಾರು? ಜೊತೆಗೆ 925 ಬೆಳ್ಳಿಯೂ (ನೂರಕ್ಕೆ 92.5 ಪಾಲು ಅಪ್ಪಟ) ಮೆತ್ತಗೇ, ಬೇಗ ಗೀರು ಬೀಳುತ್ತದೆ.

ಸ್ಟೀಲ್ ಬಗ್ಗೆ ನನಗೆ ಮೊದಲು ತಾತ್ಸಾರ ಇತ್ತು. ಜಾತ್ರೆ ಮಾಲು ಅಂತ. ಈಗಿಲ್ಲ. 316 ಎಲ್ ಅನ್ನೋ ದರ್ಜೆಯದ್ದು ಕೆಲಸದ ಕೈಗೆ ಒಳ್ಳೆಯ ಲೋಹ. ತೋಟ ಇದ್ದವರಿಗೆ ಗೊತ್ತು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಅದೇ ಡ್ರಮ್ಮಿನಲ್ಲಿ ಉಂಗುರದ ಕೈಯೂ ಅದ್ದಿತ್ತು, ಕತ್ತಿ ಕೆಂಪಾಯಿತು, ಸ್ಟೀಲ್ ಉಂಗುರ ಹಾಗೇ ಇತ್ತು. ಅಡಿಕೆಯ ಚೊಗರಿಗೂ (ಒಗರು ರಸಕ್ಕೂ) ಜಗ್ಗಲಿಲ್ಲ. ಕಬ್ಬಿಣಕ್ಕೆ ಚೊಗರು ತಾಗಿದರೆ ಮಸಿ ಬಳಿದ ಹಾಗೆ ಕಪ್ಪಾಗುತ್ತದೆ, ಇದಕ್ಕೆ ಹಾಗಾಗಲಿಲ್ಲ. ಒಂದೇ ಎಚ್ಚರಿಕೆ, ಇದರಲ್ಲಿ ನಿಕ್ಕಲ್ ಇದೆ. ವಾಚಿನ ಕೊಂಡಿ, ಬೆಲ್ಟಿನ ಬಕಲ್ ತಾಗಿದಲ್ಲಿ ಚರ್ಮ ಕೆಂಪಾಗಿ ತುರಿಸುವವರು ಇದರ ತಂಟೆಗೆ ಹೋಗೋದು ಬೇಡ.

ಟೈಟಾನಿಯಂ ಹಾಕಿದಾಗ ಮೊದಲ ದಿನ ಉಂಗುರ ಇದೆಯೋ ಇಲ್ಲವೋ ಅಂತ ಹೆಬ್ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಷ್ಟು ಹಗುರ. ಒಂದೇ ಅಳತೆಯ ಉಂಗುರ 22 ಕ್ಯಾರೆಟ್‌ನಲ್ಲಿ 4 ಗ್ರಾಂ ತೂಗಿದರೆ, 18 ಕ್ಯಾರೆಟ್‌ನಲ್ಲಿ ಸುಮಾರು ಮೂರೂವರೆ, ಬೆಳ್ಳಿಯಲ್ಲಿ ಎರಡೂಕಾಲರ ಮೇಲೆ, ಸ್ಟೀಲಿನಲ್ಲಿ ಎರಡಕ್ಕೂ ಕಡಿಮೆ, ಟೈಟಾನಿಯಂನಲ್ಲಿ ಬರೀ 1 ಗ್ರಾಂ. ಪ್ಲಾಟಿನಂ ಆದರೆ ನಾಲ್ಕೂವರೆ ದಾಟುತ್ತದೆ. ಉಂಗುರ ಅಂದ್ಮೇಲೆ ಸ್ವಲ್ಪ ಭಾರ ಇರಬೇಕು ಅನ್ನೋರಿಗೆ ಟೈಟಾನಿಯಂ ಪ್ಲಾಸ್ಟಿಕ್ ಅನ್ನಿಸಬಹುದು. ನನಗೆ ಹಿಡಿಸಿತು. ತುಕ್ಕಿಲ್ಲ, ಕೆರೆತವಿಲ್ಲ, ಮೂಳೆ ಮುರಿದವರಿಗೆ ಒಳಗೆ ಹಾಕುವ ಪ್ಲೇಟು ಕೂಡ ಇದರದ್ದೇ ಅಲ್ವಾ. ಗೀರು ಬೀಳುತ್ತದೆ, ಬೀಳಲ್ಲ ಅಂತ ಹೇಳಿ ಮಾರುವವರ ಮಾತು ನಂಬಬೇಡಿ.

ಇದರ ಇನ್ನೊಂದು ಮುಖ ಕಂಡಿದ್ದು ತೋಟದಲ್ಲಿ ಕಣಜ ಕಚ್ಚಿದಾಗ. ಕಚ್ಚಿದ್ದು ಉಂಗುರದ ಬೆರಳಿನ ಬುಡಕ್ಕೇ. ನೋಡನೋಡುತ್ತಾ ಬೆರಳು ಊದಿ ಉಂಗುರ ಒಳಗೆ ಹುಗಿದುಹೋಯಿತು. ಹೆಂಡತಿ ಹೊಲಿಗೆ ನೂಲು ತಂದಳು. ಉಂಗುರದ ಕೆಳಗಿನಿಂದ ನೂಲಿನ ಒಂದು ತುದಿ ತೂರಿಸಿ, ಉಳಿದದ್ದನ್ನು ಉಗುರಿನ ಕಡೆಗೆ ಒತ್ತೊತ್ತಾಗಿ ಬೆರಳಿಗೆ ಸುತ್ತಿ, ಕೊಬ್ಬರಿ ಎಣ್ಣೆ ಹಚ್ಚಿ, ಒಳಗಿನ ತುದಿಯಿಂದ ಬಿಚ್ಚುತ್ತಾ ಬಂದಳು. ನೂಲು ಬಿಚ್ಚಿದ ಹಾಗೆ ಉಂಗುರ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಸರಿಯಿತು. ಬಂತು, ಆದರೆ ಕಣ್ಣಲ್ಲಿ ನೀರೂ ಬಂತು.

ಬಾರದೇ ಇದ್ದಿದ್ದರೆ? ಚಿನ್ನವಾದರೆ ಸಣ್ಣ ಕಟರ್‌ನಲ್ಲಿ ನಿಮಿಷದಲ್ಲಿ ಕತ್ತರಿಸಬಹುದು. ಟೈಟಾನಿಯಂ ಕತ್ತರಿಸೋಕೆ ಆಗಲ್ಲ ಅಂತೇನಿಲ್ಲ, ಆದರೆ ಕಷ್ಟ. ನಾನು ಆಮೇಲೆ ಒಂದು ತುಂಡನ್ನು ಅಂಗಡಿಯಲ್ಲಿ ಗರಗಸಕ್ಕೆ ಕೊಟ್ಟು ನೋಡಿದೆ. ಹಲ್ಲು ಬೇಗ ಮೊಂಡಾಗುತ್ತದೆ, ಲೋಹ ಬಿಸಿಯಾಗುತ್ತದೆ. ಆ ಬಿಸಿ ಬೆರಳ ಮೇಲೆ ಅಂದುಕೊಳ್ಳಿ. ಇನ್ನು ಅಳತೆ ಹೆಚ್ಚು ಕಡಿಮೆ ಮಾಡಿಸೋಣ ಅಂತ ಆಚಾರ್ರ ಹತ್ತಿರ ಹೋದರೆ, ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಇದಕ್ಕೆ ನನ್ನ ಬೆಂಕಿ ಸಾಲಲ್ಲ ಮಾರಾಯ್ರೆ" ಅಂದರು. ಸರಿಯಾಗೇ ಹೇಳಿದ್ದರು. ಚಿನ್ನ ಕರಗೋದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟೈಟಾನಿಯಂ 1668ರಲ್ಲಿ. ಅದಲ್ಲದೆ ಕಾದಾಗ ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಪೆಡಸಾಗುತ್ತದೆ, ಮಾಮೂಲಿ ಬೆಸುಗೆಗೆ ಬಗ್ಗಲ್ಲ.

ಟಂಗ್‌ಸ್ಟನ್ ಕಾರ್ಬೈಡ್ ಈಗ ಹುಡುಗರಿಗೆ ಇಷ್ಟ. ಕಪ್ಪು ಹೊಳಪು, ಕೈಯಲ್ಲಿ ಒಳ್ಳೆಯ ತೂಕ, ಗೀರು ಅನ್ನೋದೇ ಇಲ್ಲ. ಗೀರಿಲ್ಲ ಅನ್ನೋದು ಸುಳ್ಳಲ್ಲ. ನಾವು ಲೇತ್‌ನಲ್ಲಿ ಉಕ್ಕು ಕೊರೆಯುವ ಟಿಪ್ಪೂ ಇದೇ ಕಾರ್ಬೈಡ್. ಉಕ್ಕನ್ನೇ ಬೆಣ್ಣೆ ತರ ಸಿಗಿಯುವ ಟಿಪ್ಪು ಕೈಜಾರಿ ನೆಲಕ್ಕೆ ಬಿದ್ದರೆ ಮೂಲೆ ಚಕ್ಕೆ ಎದ್ದು ಕೂರುತ್ತದೆ, ಇದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಗಟ್ಟಿ ಬೇರೆ, ತಾಳಿಕೆ ಬೇರೆ. ಉಂಗುರವನ್ನು ವೈಸ್‌ಗೆ (ತಿರುಗಿಸಿ ಬಿಗಿ ಮಾಡುವ ಮೇಜಿನ ಹಿಡಿಕೆಗೆ) ಇಟ್ಟು ಹಿಡಿಯನ್ನು ನಿಧಾನಕ್ಕೆ ತಿರುಗಿಸಿದೆ. ಬಾಗಲಿಲ್ಲ, ಚಪ್ಪಟೆ ಆಗಲಿಲ್ಲ. ಇದ್ದಕ್ಕಿದ್ದ ಹಾಗೆ ಟಪ್ ಅಂತ ಚೂರಾಯಿತು. ಒಡೆದ ಅಂಚು ಮಂಕು ಬೂದು ಬಣ್ಣ, ಮುಟ್ಟಿದರೆ ಚುಚ್ಚುತ್ತದೆ. ಒಂದು ಲೆಕ್ಕಕ್ಕೆ ಇದು ಒಳ್ಳೆಯದೇ. ಬೆರಳು ಊದಿದಾಗ ಇದನ್ನು ಕತ್ತರಿಸೋದಲ್ಲ, ವೈಸ್ ಗ್ರಿಪ್ ಇಕ್ಕಳ ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ ಒಡೆಯೋದು. ಆದರೆ ಅಳತೆ ಬದಲಾಯಿಸೋದು ಕನಸಲ್ಲೂ ಆಗದು. ಮೈ ಬಂದರೆ ಹೊಸದೇ ತಗೋಬೇಕು. ಮದುವೆ ಉಂಗುರ ಅಂತ ಕೊಂಡು, ಮತ್ತೆ ಮತ್ತೆ ಹೊಸದು ಕೊಳ್ಳೋದಾದರೆ ಅದಕ್ಕೇನು ಅರ್ಥ?

ಪ್ಲಾಟಿನಂ ಬಗ್ಗೆ ಜಾಸ್ತಿ ಹೇಳಲ್ಲ. ಭಾವನ ಉಂಗುರ 950 ಶುದ್ಧತೆಯದ್ದು, ಭಾರ, ತಣ್ಣಗಿನ ಬಿಳುಪು. ಗೀರು ಬೀಳುತ್ತದೆ, ಆದರೆ ಲೋಹ ಸವೆದು ಹೋಗೋದು ಕಡಿಮೆ. ಕರಗೋದು 1768 ಡಿಗ್ರಿಯಲ್ಲಿ, ಹಾಗಾಗಿ ಸಣ್ಣ ಊರಿನ ಅಕ್ಕಸಾಲಿಗರು ಮುಟ್ಟಲ್ಲ. ಭಾವನಿಗೆ ಅಳತೆ ಸರಿ ಮಾಡಿಸಲು ಅಂಗಡಿಯವರು ಬೆಂಗಳೂರಿಗೇ ಕಳಿಸಿದ್ದರು. ಬಿಳುಪೇ ಬೇಕು, ದುಡ್ಡಿದೆ ಅನ್ನೋರಿಗೆ ಮಾತ್ರ. ಅದರ ಬದಲು ವೈಟ್ ಗೋಲ್ಡ್ ತಗೊಂಡರೆ ಮೇಲಿನ ರೋಡಿಯಂ ಲೇಪ ಸವೆದಾಗ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಲೇಪ ಹಾಕಿಸಬೇಕು.

ಕೊನೆಗೆ ನನ್ನ ಬೆರಳಲ್ಲಿ ಉಳಿದದ್ದು 18 ಕ್ಯಾರೆಟ್. 750 ಮುದ್ರೆ, ಮುಕ್ಕಾಲು ಪಾಲು ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ. ಈ ಕಾಲು ಪಾಲೇ ಅದಕ್ಕೆ ಗಟ್ಟಿತನ ಕೊಡೋದು. ಹಂಡೆ ಎತ್ತಿದೆ, ಕೊನೆ ಹೊತ್ತೆ, ಇನ್ನೂ ದುಂಡಗೇ ಇದೆ. ಸಣ್ಣ ಗೀರುಗಳಿವೆ, ಇರಲಿ. ಬಣ್ಣ 22ರಷ್ಟು ಹಳದಿ ಅಲ್ಲ. ಅತ್ತೆಗೆ ಇದು ಸಮಾಧಾನ ಇಲ್ಲ. "ಮಾರೋಕೆ ಹೋದ್ರೆ ಬೆಲೆ ಬರಲ್ಲ ಮಗಾ" ಅಂತಾರೆ. ಇರುವಷ್ಟು ಚಿನ್ನಕ್ಕೆ ಬೆಲೆ ಬಂದೇ ಬರುತ್ತದೆ, ಆದರೆ ನಮ್ಮ ಊರುಗಳಲ್ಲಿ 22ನ್ನು ತಗೊಳ್ಳುವಷ್ಟು ಖುಷಿಯಿಂದ 18 ಯಾರೂ ತಗೊಳ್ಳಲ್ಲ ಅನ್ನೋದೂ ನಿಜ. ಕೈಕೆಲಸ ಇಲ್ಲದವರಿಗೆ, ಆಫೀಸಿನಲ್ಲಿ ಕೂರುವವರಿಗೆ ನಾನೂ 22 ಅಂತಲೇ ಹೇಳ್ತೇನೆ. ದುಡ್ಡು ಬಿಗಿ ಇದ್ದರೆ ಸ್ಟೀಲ್. ಟೈಟಾನಿಯಂ, ಕಾರ್ಬೈಡ್ ಎರಡೂ ಚಂದವೇ, ಆದರೆ ಊರಿನ ಆಚಾರ್ರ ಕೈಗೆ ಬಗ್ಗದ ಲೋಹ ಮದುವೆ ಉಂಗುರಕ್ಕೆ ಬೇಡ ಅನ್ನೋದು ನನ್ನ ಪಟ್ಟು.

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಚಿನ್ನದ್ದೇ ಕೊಳ್ಳೋದಾದರೆ ಒಳಭಾಗದ ಮುದ್ರೆ ನೋಡಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆ ಬೇರೆ ಗುರುತಿನ ಸಂಖ್ಯೆ) ಇರಲೇಬೇಕು, ಸರ್ಕಾರಿ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಈ ಕಡ್ಡಾಯ ಇಲ್ಲ, ತೆಳು ಉಂಗುರ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಅಳತೆ ದೊಡ್ಡದು ಮಾಡಿಸುವಾಗ ಮುದ್ರೆ ಇರುವ ಜಾಗ ಬಿಟ್ಟು ಕತ್ತರಿಸಲು ಹೇಳಿ. ಬೆರಳಿನ ಅಳತೆ ಕೊಡೋದು ಸಂಜೆ ಹೊತ್ತು. ಆಷಾಢದ ಚಳಿಯಲ್ಲಿ ಬೆಳಿಗ್ಗೆ ಹೋಗಿ ಕೊಟ್ಟರೆ ಬೆರಳು ಮುದುರಿರುತ್ತದೆ, ಬೇಸಿಗೆಗೆ ಉಂಗುರ ಬಿಗಿಯಾಗುತ್ತದೆ. ಪಟ್ಟಿ ಅಗಲ ಇದ್ದರೆ ಸ್ವಲ್ಪ ಸಡಿಲವೇ ಇರಲಿ.