ವಿಎಂ ಟೆಂಪ್ಲೇಟ್ ಹಳತಾಗದಂತೆ ನೋಡಿಕೊಳ್ಳಲು: ಕೈಕೆಲಸ, ಪ್ಯಾಕರ್, ಕ್ಲೌಡ್ ಇಮೇಜ್

2024ರ ಜುಲೈನಲ್ಲಿ ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ಭದ್ರತಾ ಲೋಪವೊಂದು ಹೊರಬಿತ್ತು. ಓಡುತ್ತಿದ್ದ ವಿಎಂಗಳಿಗೆಲ್ಲ (ಸರ್ವರ್ ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳಿಗೆ) ಅಂದೇ ಪ್ಯಾಚ್ ಹಾಕಿದೆ. ಎರಡು ವಾರ ಬಿಟ್ಟು ಹೊಸ ವಿಎಂ ಮಾಡಿದರೆ ಅದರಲ್ಲಿ ಮತ್ತೆ ಅದೇ ಹಳೇ ಎಸ್‌ಎಸ್‌ಎಚ್! ಹೊಸ ವಿಎಂಗಳನ್ನು ನಕಲು ತೆಗೆಯುವ ಉಬುಂಟು 22.04ರ ಅಚ್ಚನ್ನು, ಅಂದರೆ ಟೆಂಪ್ಲೇಟನ್ನು, ಆರು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಹೊಸ ವಿಎಂ ತಾನಾಗಿ ಅಪ್‌ಡೇಟ್ ಆಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಬಾಗಿಲು ತೆರೆದೇ ಇರುತ್ತದೆ ಅಲ್ವಾ?

ನಮ್ಮದು ಮೂರು ಸರ್ವರ್‌ಗಳ ಪ್ರಾಕ್ಸ್‌ಮಾಕ್ಸ್ (ವಿಎಂಗಳನ್ನು ಓಡಿಸುವ ತಂತ್ರಾಂಶ) ಕ್ಲಸ್ಟರ್. ನೋಡಿಕೊಳ್ಳುವವನು ನಾನೊಬ್ಬನೇ. ಟೆಂಪ್ಲೇಟ್ ಹೊಸದಾಗಿಡುವ ಮೂರೂ ದಾರಿ ಹಿಡಿದು ನೋಡಿದ ಮೇಲೆ ಕ್ಲೌಡ್ ಇಮೇಜ್‌ನಲ್ಲೇ ನಿಂತಿದ್ದೇನೆ.

ಕೈಯಲ್ಲಿ ಮಾಡುವುದೆಂದರೆ ಟೆಂಪ್ಲೇಟನ್ನು ಕ್ಲೋನ್ ಮಾಡಿ, ಬೂಟ್ ಮಾಡಿ, ಅಪ್‌ಡೇಟ್ ಹಾಕಿ, ಲಾಗ್ ಮತ್ತು ಎಸ್‌ಎಸ್‌ಎಚ್ ಕೀ ಅಳಿಸಿ, ಮತ್ತೆ ಟೆಂಪ್ಲೇಟ್ ಮಾಡುವುದು. ಪ್ರತಿ ಸಲ ಏನಾದರೊಂದು ಬಿಟ್ಟುಹೋಗುತ್ತದೆ.

ಟೆಂಪ್ಲೇಟನ್ನು ತಾನಾಗಿ ಕಟ್ಟುವ ಸಾಧನ ಪ್ಯಾಕರ್ ಅಚ್ಚುಕಟ್ಟು. ಸೂಚನೆಗಳೆಲ್ಲ ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆಯ ದಾಖಲೆ ಇಡುವ ಸಾಧನ) ಇರುತ್ತವೆ. ಆದರೆ ಐಎಸ್‌ಒದಿಂದ (ಇನ್‌ಸ್ಟಾಲ್ ಡಿಸ್ಕ್‌ನ ಫೈಲ್) ಕಟ್ಟುವಾಗ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳ ಉತ್ತರಗಳ ಫೈಲನ್ನು ಸಾಮಾನ್ಯವಾಗಿ ಪ್ಯಾಕರ್ ಓಡುತ್ತಿರುವ ಕಂಪ್ಯೂಟರ್‌ನಿಂದ ತರುತ್ತದೆ. ನಮ್ಮ ಫೈರ್‌ವಾಲ್ ಅದನ್ನು ತಡೆಯಿತು. ಇನ್‌ಸ್ಟಾಲರ್ ಭಾಷೆ ಕೇಳುವ ಪರದೆಯಲ್ಲೇ ಸುಮ್ನೆ ನಿಂತಿತ್ತು. ನಾಲ್ಕೈದು ಜನರ ತಂಡವಿದ್ದರೆ, ವಿಂಡೋಸ್ ಟೆಂಪ್ಲೇಟ್‌ಗಳೂ ಬೇಕಿದ್ದರೆ ನಾನೂ ಇದನ್ನೇ ಹಿಡಿಯುತ್ತಿದ್ದೆ.

ಕ್ಲೌಡ್ ಇಮೇಜ್ ಎಂದರೆ ಮೊದಲೇ ಇನ್‌ಸ್ಟಾಲ್ ಆಗಿರುವ ಡಿಸ್ಕ್ ಫೈಲ್, ಹಾಗಾಗಿ ಇನ್‌ಸ್ಟಾಲ್ ಮಾಡುವ ಕೆಲಸವೇ ಇಲ್ಲ. ಉಬುಂಟುದವರೇ ಆಗಾಗ ಹೊಸ ಇಮೇಜ್ ಕಟ್ಟಿ ಇಡುತ್ತಾರೆ. ಇಳಿಸಿಕೊಂಡು, ಫೈಲ್ ಸರಿಯಾಗಿ ಬಂದಿದೆಯೇ ಎಂದು ಚೆಕ್‌ಸಮ್ ನೋಡಿ, ವರ್ಟ್-ಕಸ್ಟಮೈಸ್‌ನಿಂದ (ಬೂಟ್ ಮಾಡದೆಯೇ ಇಮೇಜ್ ತಿದ್ದುವ ಸಾಧನ) ಗೆಸ್ಟ್ ಏಜೆಂಟ್ (ವಿಎಂ ಒಳಗಿನ ಮಾಹಿತಿಯನ್ನು ಪ್ರಾಕ್ಸ್‌ಮಾಕ್ಸ್‌ಗೆ ಹೇಳುವ ತಂತ್ರಾಂಶ) ಸೇರಿಸಿ, ಟೆಂಪ್ಲೇಟ್ ಮಾಡಿದರೆ ಆಯಿತು. ಹೆಸರು, ಬಳಕೆದಾರ, ಕೀ ಎಲ್ಲವನ್ನೂ ಮೊದಲ ಬೂಟ್‌ನಲ್ಲಿ ಇಮೇಜ್ ಒಳಗಿನ ಕ್ಲೌಡ್-ಇನಿಟ್ ಎಂಬ ತಂತ್ರಾಂಶ ತುಂಬುತ್ತದೆ.

ಇದರಲ್ಲೂ ಒಂದು ಕಡೆ ಸಿಕ್ಕಿಬಿದ್ದೆ. ಹೊಸ ಟೆಂಪ್ಲೇಟ್‌ನಿಂದ ಮೂರು ವಿಎಂ ಮಾಡಿದೆ, ಮೂರಕ್ಕೂ ಒಂದೇ ಐಪಿ ಬಂತು! ಲಾಗಿನ್ ಆದರೆ ಒಮ್ಮೆ ಈ ವಿಎಂ, ಇನ್ನೊಮ್ಮೆ ಆ ವಿಎಂ. ಮ್ಯಾಕ್ ವಿಳಾಸಗಳು (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಬೇರೆ ಬೇರೆಯೇ ಇದ್ದವು. ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಮೇಲೆ ಅನುಮಾನಪಟ್ಟು ಅರ್ಧ ದಿನ ಅದನ್ನೇ ಕೆದಕಿದೆ.

ತೊಂದರೆ ಇದ್ದದ್ದು ಪ್ರತಿ ಯಂತ್ರದ ಗುರುತನ್ನು ಇಟ್ಟುಕೊಳ್ಳುವ ಮಷೀನ್-ಐಡಿ ಫೈಲ್‌ನಲ್ಲಿ. ಕ್ಲೌಡ್ ಇಮೇಜ್‌ನಲ್ಲಿ ಅದಕ್ಕೆ ಇನ್ನೂ ಐಡಿ ಬಂದಿರುವುದಿಲ್ಲ. ವರ್ಟ್-ಕಸ್ಟಮೈಸ್ ಓಡಿದಾಗ ಅದರಲ್ಲೊಂದು ಐಡಿ ಬಂದು ಕೂರುತ್ತದೆ, ಎಲ್ಲ ಕ್ಲೋನ್‌ಗಳಿಗೂ ಅದೇ ಹೋಗುತ್ತದೆ. ಉಬುಂಟು ಡಿಎಚ್‌ಸಿಪಿಗೆ ತನ್ನ ಗುರುತು ಹೇಳುವುದು ಮ್ಯಾಕ್‌ನಿಂದಲ್ಲ, ಈ ಐಡಿಯಿಂದ ಹುಟ್ಟಿದ ಸಂಖ್ಯೆಯಿಂದ. ಹಾಗಾಗಿ ಸರ್ವರ್‌ಗೆ ಮೂರೂ ಒಂದೇ ಯಂತ್ರ.

ಪರಿಹಾರ ಒಂದೇ ಸಾಲು: ಬೇರೆಲ್ಲ ಮುಗಿದ ಮೇಲೆ ಆ ಫೈಲನ್ನು ಸೊನ್ನೆ ಬೈಟ್‌ಗೆ ಇಳಿಸುವುದು. ಮೊದಲ ಬೂಟ್‌ನಲ್ಲಿ ಪ್ರತಿ ವಿಎಂ ತನ್ನದೇ ಐಡಿ ಬರೆದುಕೊಳ್ಳುತ್ತದೆ. ಆ ಸಾಲು ಸ್ಕ್ರಿಪ್ಟ್‌ನ ಕೊನೆಯಲ್ಲೇ ಇರಬೇಕು, ಮಧ್ಯದಲ್ಲಿಟ್ಟರೆ ಮುಂದಿನ ಸಲ ಓಡಿಸಿದ್ದು ಮತ್ತೆ ತುಂಬಿಬಿಡುತ್ತದೆ.

ಖರ್ಚು ಏನೂ ಇಲ್ಲ. ಟೆಂಪ್ಲೇಟ್‌ನ ಡಿಸ್ಕನ್ನೇ ನೆಚ್ಚಿಕೊಂಡಿರುವ ಲಿಂಕ್ಡ್ ಕ್ಲೋನ್ ಬಳಸುವುದನ್ನು ಮಾತ್ರ ಬಿಟ್ಟಿದ್ದೇನೆ, ಅದಿದ್ದರೆ ಹಳೇ ಟೆಂಪ್ಲೇಟ್ ಅಳಿಸಲು ಆಗುವುದಿಲ್ಲ. ಪೂರ್ತಿ ನಕಲಾದ ಫುಲ್ ಕ್ಲೋನ್‌ಗೆ ಡಿಸ್ಕ್ ಜಾಸ್ತಿ ಬೇಕು, ಇರಲಿ. ಈಗ ಪ್ರತಿ ಭಾನುವಾರ ರಾತ್ರಿ ಎರಡಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸಾಧನ) ಹೊಸ ಟೆಂಪ್ಲೇಟ್ ಕಟ್ಟುತ್ತದೆ. ಸೋಮವಾರ ಬೆಳಿಗ್ಗೆ ಅದರಿಂದ ಎರಡು ವಿಎಂ ಎಬ್ಬಿಸಿ, ಐಪಿ ಬೇರೆ ಬೇರೆ ಬಂದಿದೆಯೇ ನೋಡಿ, ಹಿಂದಿನದನ್ನು ಅಳಿಸುತ್ತೇನೆ.