ಐಟಿಐಯೋ, ಡಿಪ್ಲೊಮಾವೋ? ಕಾರು ರಿಪೇರಿ ಕಲಿಯಹೊರಟವರಿಗೆ

ಎಸ್‌ಎಸ್‌ಎಲ್‌ಸಿ ಮುಗಿಸಿ ವಾಹನ ರಿಪೇರಿಯನ್ನೇ ಕಸುಬು ಮಾಡಿಕೊಳ್ಳಬೇಕೆನ್ನುವವರಿಗೆ ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಐಟಿಐಯ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ 2 ವರ್ಷ, ಪಾಲಿಟೆಕ್ನಿಕ್‌ನ ಆಟೊಮೊಬೈಲ್ ಡಿಪ್ಲೊಮಾ 3 ವರ್ಷ.

ಐಟಿಐಯಲ್ಲಿ ಕೈಗೆಲಸವೇ ಪ್ರಧಾನ: ಅರ ಹಿಡಿದು ಕಬ್ಬಿಣ ಉಜ್ಜುವುದರಿಂದ ಎಂಜಿನ್ ಬಿಚ್ಚಿ ಜೋಡಿಸುವವರೆಗೆ. ಡಿಪ್ಲೊಮಾದಲ್ಲಿ ಗಣಿತ, ಡ್ರಾಯಿಂಗ್, ಸಿದ್ಧಾಂತಗಳ ಪಾಲು ದೊಡ್ಡದು. ಸರ್ವಿಸ್ ಅಡ್ವೈಸರ್ (ಗ್ರಾಹಕರ ದೂರು ಕೇಳಿ ಕೆಲಸ ವಹಿಸುವವರು) ಅಥವಾ ಸೂಪರ್‌ವೈಸರ್ ಹುದ್ದೆಗೆ ಅದು ಅನುಕೂಲ.

ಆದರೆ ನನ್ನ ಪ್ರಕಾರ ಕಾಲೇಜಿಗೂ ಕಸುಬಿಗೂ ಇರುವ ನಿಜವಾದ ವ್ಯತ್ಯಾಸ ಕಾಣುವುದು ಡೀಲರ್ ವರ್ಕ್‌ಶಾಪ್‌ನಲ್ಲಿ. ಕಾಲೇಜಿನಲ್ಲಿ ಹತ್ತಾರು ಬ್ಯಾಚ್‌ಗಳು ಬಿಚ್ಚಿದ ಹಳೆಯ ಎಂಜಿನ್ ಇರುತ್ತದೆ. ವರ್ಕ್‌ಶಾಪ್‌ನಲ್ಲಿ ಲಿಫ್ಟ್ ಮೇಲೆ ಇರುವುದು ಸಂಜೆಯೊಳಗೆ ಮಾಲೀಕರ ಕೈಸೇರಬೇಕಾದ ಕಾರು. ಚಕ್ರದ ನಟ್‌ಗಳನ್ನು ಒಂದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಟಾರ್ಕ್ ವ್ರೆಂಚ್ (ನಿಗದಿತ ಬಿಗಿತ ತಲುಪಿದಾಗ ಸದ್ದು ಮಾಡುವ ಸ್ಪ್ಯಾನರ್) 'ಟಕ್' ಎಂದೊಡನೆ ನಿಲ್ಲಿಸಬೇಕು. ಆ ಸದ್ದಿನ ಮೇಲಿನ ನಂಬಿಕೆ ಪುಸ್ತಕದಿಂದ ಬರುವುದಿಲ್ಲ. ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ದೋಷದ ಕೋಡ್ ತೋರಿಸುತ್ತದೆ ನಿಜ, ಆದರೆ ಕೆಟ್ಟಿರುವುದು ಸೆನ್ಸರೋ ಅದರ ವೈರೋ ಎಂದು ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು ನೀವೇ ಪತ್ತೆ ಹಚ್ಚಬೇಕು.

ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಲೇ ಇದನ್ನು ಕಲಿಯಬಹುದು. ಡಿಪ್ಲೊಮಾದವರಿಗೂ ಈ ಅವಕಾಶ ಇದೆ. ವರ್ಕ್‌ಶಾಪ್‌ಗೆ ಸೇರುವ ಮುನ್ನ ಅಲ್ಲಿ ಹಿಂದೆ ತರಬೇತಿ ಪಡೆದವರನ್ನು ಕೇಳಿ: ವರ್ಷವಿಡೀ ಕಾರು ತೊಳೆಸುತ್ತಾರೆಯೇ, ಬ್ರೇಕ್, ಕ್ಲಚ್ ಮುಟ್ಟಲು ಬಿಡುತ್ತಾರೆಯೇ?

ಮನೆಯಲ್ಲಿ ಬೇಗ ದುಡಿಮೆ ಬೇಕಿದ್ದರೆ ಐಟಿಐಯನ್ನೇ ಆರಿಸಿ. ಮುಂದೆ ಓದುವ ಆಸೆಯಾದರೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರವಾಗಿ ಸೇರಲು ಅವಕಾಶವಿದೆ.